ಜೈಲಿನಿಂದ ಎಮ್ಮೆಗೆ ಹೋದ ಸೀರೆ

ಮೂವರು ಹೆಂಗಸರನ್ನು ಒಂದು ಕೋಣೆಗೆ ಸೇರಿಸಿ ಹೊರಗಿನಿಂದ ಬೀಗ ಹಾಕಿ ನೋಡಿ, ನಗುವುದಕ್ಕೆ ಬೇರೇನೂ ಬೇಕಾಗುವುದಿಲ್ಲ. ಜೈಲಿನ ಕಥೆ ಕೇಳಲು ಬಂದವರು ಕಣ್ಣೊರೆಸಿಕೊಳ್ಳಲು ಸೆರಗು ಸಿದ್ಧ ಮಾಡಿಕೊಂಡು ಕೂರುತ್ತಾರೆ. ನನ್ನ ಹತ್ತಿರ ಇರುವುದು ನಗುವಿನ ಕಥೆಯೇ.

ಕೊಟ್ಟಿಗೆಯ ಬೀಗ

ನಾನು ಹುಟ್ಟಿದ್ದು ವಿಜಯಪುರದ ಕಡೆ. ಬೆಲ್ಲದ ಲಾರಿ ಓಡಿಸಿಕೊಂಡು ನಮ್ಮೂರಿಗೆ ಬರುತ್ತಿದ್ದವರನ್ನು ಮದುವೆಯಾಗಿ ಮಳವಳ್ಳಿ ತಾಲ್ಲೂಕಿಗೆ ಬಂದೆ. ತಲೆ ಇಲ್ಲೇ ನರೆಯಿತು. ಈಚೆಗೆ ನಮ್ಮ ಊರಿನ ಶಾಲೆಯ ಎದುರು ಬ್ರಾಂದಿ ಅಂಗಡಿ ತೆರೆದರು. ಹೆಂಗಸರೆಲ್ಲ ಹೋಗಿ ಶಟರ್ ಎಳೆದೆವು. ಎಳೆದ ಮೇಲೆ ನೋಡಿದರೆ ಬೀಗ ಯಾರೂ ತಂದಿಲ್ಲ. ನಾನು ಓಡಿಹೋಗಿ ನಮ್ಮ ಎಮ್ಮೆ ಕೊಟ್ಟಿಗೆಯ ಬೀಗ ತಂದು ಜಡಿದೆ.

ಪೊಲೀಸರು ಬಂದು ಬೀಗ ಯಾರದು ಅಂದರು.

"ನಂದೇ ಸಾರ್. ವಾಪಸ್ ಕೊಡಿ, ಕೊಟ್ಟಿಗೆ ತೆರೆದೇ ಇದೆ."

"ಅದು ಈಗ ಸಾಕ್ಷಿ ಕಣಮ್ಮ. ಕೊಡಕ್ಕಾಗಲ್ಲ."

ಬೀಗ ಹಾಕಿದ ನಾನು, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನಮ್ಮ ಅತ್ತಿಗೆ, ಅಂದರೆ ಪಕ್ಕದ ಮನೆಯಲ್ಲೇ ಇರುವ ಯಜಮಾನರ ಅಕ್ಕ, ಇಬ್ಬರೂ ಸಿಕ್ಕಿಬಿದ್ದೆವು. ಇನ್ನು ಅಂಗಡಿಯ ತಂಟೆಗೆ ಹೋಗುವುದಿಲ್ಲ ಅಂತ ಒಪ್ಪಿಕೊಂಡರೆ ಜಾಮೀನು ಅಂದರು. ಅಂಗಡಿ ಎತ್ತುವವರೆಗೆ ಒಪ್ಪುವುದಿಲ್ಲ ಅಂದೆವು. ಹಾಗೆ ನನ್ನ ಬೀಗ ಅವರ ಹತ್ತಿರ ಉಳಿಯಿತು, ಅವರ ಬೀಗದೊಳಗೆ ನಾನು ಉಳಿದೆ.

ನನ್ನ ದವಡೆ

ಮಂಡ್ಯದ ಜೈಲಿನ ಆ ಕೋಣೆಯಲ್ಲಿ ಮೊದಲೇ ಒಬ್ಬಳಿದ್ದಳು. ಮದ್ದೂರು ಕಡೆಯವಳು, ಹೊಲದ ಬದುವಿನ ಜಗಳದಲ್ಲಿ ಮೈದುನನಿಗೆ ಗುದ್ದಲಿ ಕಾವಿನಲ್ಲಿ ಬಾರಿಸಿ ಬಂದವಳು. ಮೊದಲ ದಿನದ ಮುದ್ದೆಯನ್ನು ಅತ್ತಿಗೆ ಬೆರಳಿನಿಂದ ಒತ್ತಿ ನೋಡಿದರು.

"ಗೋಡೆ ಒಡ್ದು ಓಡೋಗೋರಿಗೆ ಆಯ್ತದೆ ಇದು, ಉಣ್ಣೋರಿಗಲ್ಲ."

ನಾನು ರೊಟ್ಟಿ ತಿಂದು ಬೆಳೆದವಳು, ಇವತ್ತಿಗೂ ಮುದ್ದೆಯನ್ನು ನುಂಗದೆ ಅಗಿಯುತ್ತೇನೆ. ಮದ್ದೂರಿನವಳು ಉಣ್ಣುವುದು ಬಿಟ್ಟು ನೋಡಿದಳು.

"ಅಕ್ಕ, ಇವ್ರೇನು ಮುದ್ದೆ ಅಗೀತಾ ಕುಂತವ್ರೆ?"

"ನಾ ಏಳಿ ಏಳಿ ಸಾಕಾಗೈತೆ. ನೀನಾರ ಕಲ್ಸು," ಅಂದರು ಅತ್ತಿಗೆ.

ಅವತ್ತಿನಿಂದ ವಾರ್ಡರಮ್ಮನ ಕಣ್ಣು ಬಾಗಿಲ ಮೇಲೆ, ಇವಳ ಕಣ್ಣು ನನ್ನ ದವಡೆಯ ಮೇಲೆ. ಎರಡರಲ್ಲಿ ಬಾಗಿಲಿನ ಕಾವಲೇ ಸಡಿಲ.

ನನಗೆ ಮುದ್ದೆ ಇಳಿಯದಿರಲು ಬೇರೆ ಕಾರಣವೂ ಇತ್ತು. ನಮ್ಮ ಎಮ್ಮೆ ಆಗಷ್ಟೇ ಈದಿತ್ತು. ನನ್ನನ್ನು ಬಿಟ್ಟು ಯಾರಿಗೂ ಹಾಲು ಇಳಿಸುತ್ತಿರಲಿಲ್ಲ. ಯಜಮಾನರಿಗೆ ಲಾರಿಯ ಗೇರು ಹಾಕಿ ಗೊತ್ತು, ಹಾಲು ಕರೆದು ಗೊತ್ತಿಲ್ಲ. ಎಮ್ಮೆಯ ಕೆಚ್ಚಲು ಬಾತಿತು ಅಂತ ಸುದ್ದಿ ಬಂದರೆ ನಾನು ಎಲ್ಲದಕ್ಕೂ ಒಪ್ಪಿ ಎದ್ದು ಹೋಗುವವಳೇ. ಅದು ಅತ್ತಿಗೆಗೂ ಗೊತ್ತಿತ್ತು.

ಬಾಗಿಲಿಗೆ ರಂಗೋಲಿ

ಅತ್ತಿಗೆಗೆ ಬಾಗಿಲಿಗೆ ನೀರು ಹಾಕದೆ ಬಾಯಿಗೆ ನೀರು ಇಳಿಯದು. ಬಾಗಿಲಿನ ಹೊರಗೆ ಬೀಗ, ಹಾಗಾಗಿ ಒಳಗೇ ನೀರು ಚಿಮುಕಿಸಿದರು. ಗೋಡೆಯ ಸುಣ್ಣ ಕೆರೆದು ಅಗಲವಾದ ರಂಗೋಲಿ ಬಿಟ್ಟರು. ತಲೆ ಎಣಿಸಲು ಬಂದ ವಾರ್ಡರಮ್ಮ ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿದರು.

"ಇದನ್ನ ತುಳ್ಕೊಂಡು ಹೆಂಗಮ್ಮ ಬರ್ಲಿ ನಾನು?"

"ತುಳೀಬ್ಯಾಡಿ, ಅಲ್ಲಿಂದ್ಲೇ ಎಣ್ಸಿ. ನಾವೆಲ್ಲಿಗೆ ಓಯ್ತೀವಿ."

ಹೊರಗಿನಿಂದಲೇ ಎಣಿಸುವುದು ಅಭ್ಯಾಸವಾಯಿತು. ಒಂದು ಬೆಳಿಗ್ಗೆ ದೊಡ್ಡ ಸಾಹೇಬರು ಬಂದರು. ರಂಗೋಲಿ ನೋಡಿದರು, ವಾರ್ಡರಮ್ಮನನ್ನು ನೋಡಿದರು, ಪ್ಯಾಂಟು ಸ್ವಲ್ಪ ಮೇಲೆಳೆದುಕೊಂಡು ನೆಗೆದು ಒಳಗೆ ಬಂದರು. ಅತ್ತಿಗೆ ಬಗ್ಗಿ ಗೆರೆಗಳನ್ನೆಲ್ಲ ನೋಡಿ, "ಎಲ್ಲೂ ಅಳಿಸಿಲ್ಲ. ಒಳ್ಳೇ ಮನೆ ಮಗ," ಅಂದರು.

ಭೇಟಿಯ ದಿನ

ಯಜಮಾನರು ಜಾಲರಿಯ ಆಚೆ ಬಂದು ನಿಂತರು. ಮೊಣಕಾಲಿಗೆ ಬಟ್ಟೆ ಸುತ್ತಿತ್ತು.

"ಒದೀತು," ಅಂದರು. "ಹತ್ರಕ್ಕೇ ಬುಡಕಿಲ್ಲ. ಕೆಚ್ಚಲು ಕಲ್ಲಾಗೈತೆ."

ಪಕ್ಕದಲ್ಲಿದ್ದ ಅತ್ತಿಗೆಯ ಕಡೆ ತಿರುಗಿದೆ. "ಅತ್ತಿಗೆ, ನಾನು ಒಪ್ಪಿಕೊಂಡುಬಿಡ್ತೀನಿ," ಅಂದೆ.

ಅತ್ತಿಗೆ ನನ್ನನ್ನು ಪಕ್ಕಕ್ಕೆ ಸರಿಸಿ ತಮ್ಮನನ್ನು ಹಿಡಿದರು. "ಲೇ, ಇವಳ ಸೀರೆ ಉಟ್ಕೊಂಡು ಕುಂತ್ಕಳ್ಲಾ. ವಾಸ್ನೆ ಕಂಡ್ರೆ ಇಳಿಸ್ತದೆ."

"ಮೀಸೆ ಇಟ್ಕೊಂಡು ಸೀರೆ ಉಡ್ಲಾ?"

"ಎಮ್ಮೆ ಮೀಸೆ ನೋಡಾಕಿಲ್ಲ ಕಣ್ಲಾ."

"ಮನೇಲಿರೋವೆಲ್ಲ ಒಗ್ದಾಕಿವ್ನಿ, ಅಕ್ಕ."

ಒಗೆದ ಸೀರೆಯಲ್ಲಿ ನನ್ನ ವಾಸನೆ ಎಲ್ಲಿ? ನನಗೆ ಬದಲಾಯಿಸಲು ಅಂತ ಅವರು ತಂದಿದ್ದ ಸೀರೆಯನ್ನು ಒಳಗೆ ಹೋಗಿ ಉಟ್ಟು, ನಾನು ಉಟ್ಟಿದ್ದನ್ನು ಮಡಿಸಿ ಕಳಿಸಿದೆ. ವಾರ್ಡರಮ್ಮ ಅದನ್ನು ಕೊಡವಿ ನೋಡಿ, "ಒಗೆಯೋಕಾ?" ಅಂದರು.

"ಇಲ್ಲ, ಅವರು ಉಡೋಕೆ," ಅಂದೆ.

ಸಾಲಿನಲ್ಲಿದ್ದವರೆಲ್ಲ ಯಜಮಾನರ ಕಡೆ ತಿರುಗಿದರು. ಅವರು ಸೀರೆಯನ್ನು ಅಂಗಿಯೊಳಗೆ ತುರುಕಿಕೊಂಡು, ಕುಂಟುವುದನ್ನೂ ಮರೆತು ನಡೆದರು.

ಬಿಡುಗಡೆ

ಮುಂದಿನ ಭೇಟಿಯಲ್ಲಿ ಅವರ ಮುಖ ನೋಡಿಯೇ ತಿಳಿಯಿತು. "ಇಳಿಸ್ತು," ಅಂದರು ಮೆಲ್ಲಗೆ. ಕೋಣೆಗೆ ಬಂದು ಹೇಳಿದೆ. ಮದ್ದೂರಿನವಳಿಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತೊಂದು ಹೊತ್ತು ಮುದ್ದೆ ಅಗಿಯಲು ಬಿಟ್ಟಳು. ನಾವು ಒಪ್ಪಿಕೊಳ್ಳದೆ ಕೂತೆವು. ಕೊನೆಗೆ ಅಂಗಡಿ ಎತ್ತಿದರು, ನಾವೂ ಹೊರಗೆ ಬಂದೆವು.

ಮನೆಗೆ ಬಂದವಳೇ ಕೈಕಾಲು ತೊಳೆದು ಚೊಂಬು ಹಿಡಿದು ಕೊಟ್ಟಿಗೆಗೆ ಹೋದೆ. ಎಮ್ಮೆ ನನ್ನನ್ನು ಮೂಸಿತು. ಚೊಂಬು ಒಂದು ಕಡೆ ಹೋಯಿತು, ನಾನು ಒಂದು ಕಡೆ ಬಿದ್ದೆ.

ಅತ್ತಿಗೆ ಬೇಲಿಯಾಚೆಯಿಂದ ನೋಡಿ, "ಅದುಕ್ಕೀಗ ಯಜಮಾನ್ತಿ ಬ್ಯಾರೆ ಕಣವ್ವ," ಅಂದರು.

ಯಜಮಾನರು ಗೂಟದ ಮೇಲಿದ್ದ ಅದೇ ಸೀರೆ ತೆಗೆದು ಪಂಚೆಯ ಮೇಲೆ ಸುತ್ತಿಕೊಂಡರು. ಎಮ್ಮೆ ಮಗುವಿನಂತೆ ನಿಂತಿತು. ಈಗಲೂ ಬೆಳಿಗ್ಗೆ, ಸಂಜೆ ಅವರು ಯಾರೂ ನೋಡದಂತೆ ಕೊಟ್ಟಿಗೆಯೊಳಗೆ ಸೇರಿ ಚಿಲಕ ಹಾಕಿಕೊಳ್ಳುತ್ತಾರೆ. ನಾನು ಹೊರಗೆ ಕಾವಲು ಕೂರುತ್ತೇನೆ. ನನಗೇನೋ ಬಿಡುಗಡೆಯಾಯಿತು. ಅವರಿಗೆ ಇನ್ನೂ ಜಾಮೀನು ಸಿಕ್ಕಿಲ್ಲ.