ಅಪರಿಚಿತ ಬೇಕಾಗಿದ್ದಾನೆ

ಮಗು ಅತ್ತಿತೆಂದು ಕಂಗಾಲಾಗುವ ತಾಯಂದಿರನ್ನು ನೀವೆಲ್ಲ ನೋಡಿರುತ್ತೀರಿ. ಮಗು ಅಳಲಿಲ್ಲವೆಂದು ಕಣ್ಣೀರಿಟ್ಟ ತಾಯಿಯ ಗಂಡ ನಾನು. ಹೆರಿಗೆ ರಜೆ ಮುಗಿಸಿ ನನ್ನ ಹೆಂಡತಿ ಸುಮಾ ಹರಿಹರದ ಶಾಲೆಗೆ ಪಾಠ ಹೇಳಲು ಹೊರಟ ಮೊದಲ ದಿನ, ನಮ್ಮ ಚಿನ್ನು ಪಕ್ಕದ ಮನೆಯ ಖುರ್ಷಿದಾ ಬೇಗಂ ಅವರ ಸೊಂಟದ ಮೇಲೆ ಕೂತು, ರಸ್ಕು ಚೀಪುತ್ತಾ, ಹೆತ್ತವಳ ಕಡೆ ತಿರುಗಿಯೂ ನೋಡಲಿಲ್ಲ. ಪಾಪ, ಸುಮಾ ಹರಿಹರದವರೆಗೂ ಬಸ್ಸಿನಲ್ಲಿ ಅತ್ತುಕೊಂಡೇ ಹೋದಳಂತೆ.

ಆಮೇಲೆ ಮೊಬೈಲಿನಲ್ಲಿ ಯಾವುದೋ ದೂರದೇಶದ ಡಾಕ್ಟರಮ್ಮನ ವಿಡಿಯೊ ನೋಡಿದಳು. ತಾಯಿ ಹೊರಗೆ ಹೋಗಬೇಕು, ಅಪರಿಚಿತರೊಬ್ಬರು ಹತ್ತಿರ ಬರಬೇಕು, ಮಗು ಅಳಬೇಕು, ತಾಯಿ ಬಂದೊಡನೆ ಸುಮ್ಮನಾಗಬೇಕು. ಆಗ ಮಾತ್ರ ತಾಯಿ-ಮಗುವಿನ ನಂಟು ಗಟ್ಟಿಯಂತೆ. "ನನ್ನ ಕೂಸಿಗೆ ನಾನೇ ಬ್ಯಾಡಾಗೀನಿ ರೀ. ಕೆಲಸ ಬಿಟ್ಟು ಮನ್ಯಾಗ ಇರ್ತೀನಿ" ಎಂದು ಹಟ ಹಿಡಿದಳು. ಪಾಠವೆಂದರೆ ಪ್ರಾಣ ಅವಳಿಗೆ. ಶಾಲೆ ಬಿಟ್ಟು ಮನೆಯಲ್ಲಿ ಕೂತರೆ ಪಾಠ ಹೇಳಿಸಿಕೊಳ್ಳುವವನು ನಾನೊಬ್ಬನೇ. "ತಡಿ ಮಾರಾಯ್ತಿ, ಪರೀಕ್ಷೆ ಮಾಡೇಬಿಡಾಣ" ಎಂದೆ.

ಆದರೆ ಅಪರಿಚಿತನನ್ನು ಎಲ್ಲಿಂದ ತರುವುದು? ಆ ದೇಶದಲ್ಲಿ ಕೂಸು ಬೇರೆ ಕೋಣೆಯಲ್ಲಿ ಒಂದೇ ಮಲಗುತ್ತದಂತೆ. ನಮ್ಮ ಕೆ.ಬಿ. ಬಡಾವಣೆಯ ಓಣಿಯಲ್ಲಿ ಕೂಸಿನ ಕಾಲು ನೆಲ ಮುಟ್ಟುವುದೇ ಅಪರೂಪ. ಎದುರುಮನೆ ಬಸಮ್ಮಜ್ಜಿ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆದರೆ, ಖುರ್ಷಿದಾ ಬೇಗಂ ಲೋಬಾನದ ಹೊಗೆ ಹಾಕಿ ಮಲಗಿಸುತ್ತಾರೆ. ಹಾಲಿನವನನ್ನು ಕರೆದೆ, ಚಿನ್ನು ಕಿಲಕಿಲ ನಗುತ್ತಾ ಅವನ ಹೆಗಲೇರಿತು. ಲೋಕಿಕೆರೆಯಿಂದ ಗೆಳೆಯನೊಬ್ಬನನ್ನು ಕರೆಸಿದೆ, ದೊಡ್ಡವರೇ ಹೆದರುವಂಥ ಮುಖ ಅವನದು. ಕೂಸು ಅವನ ತೊಡೆಯ ಮೇಲೆ ನಿದ್ದೆ ಹೋಯಿತು. "ಬಂಗಾರದಂಥ ಕೂಸು ಐತೆ ಬಿಡ್ರಿ" ಎಂದು ಅವನು ಮಂಡಕ್ಕಿ ಮೆಣಸಿನಕಾಯಿ ತಿಂದು ಹೋದ. ಸುಮಾ ಮತ್ತೆ ಅತ್ತಳು.

ಕೊನೆಗೆ ಒಂದು ಭಾನುವಾರ ನಾನೇ ಅಪರಿಚಿತನಾಗಲು ಹೊರಟೆ. ಕಾಲೇಜು ದಿನಗಳಿಂದ ಸಾಕಿದ ಮೀಸೆ ನನ್ನದು. ಚಿನ್ನು ಅದನ್ನು ಜಗ್ಗಿಯೇ ನನ್ನ ಗುರುತು ಹಿಡಿಯುವುದು. ಬಚ್ಚಲಿಗೆ ಹೋಗಿ ಬೋಳಿಸಿಯೇ ಬಿಟ್ಟೆ. ಸುಮಾ ಗೇಟಿನಾಚೆ ನಿಂತಳು. ನಾನು ಹೊಸ ಮುಖ ಹೊತ್ತು ಬಂದು ಕೂಸನ್ನು ಎತ್ತಿಕೊಂಡೆ. ಅದು ಕೈ ಚಾಚಿ ತುಟಿಯ ಮೇಲೆ ತಡಕಾಡಿತು. ಏನೂ ಸಿಗಲಿಲ್ಲ. ಅಯ್ಯಯ್ಯೋ, ಕಿಟಾರನೆ ಕಿರುಚಿಕೊಂಡಿತು ನೋಡಿ! ಓಣಿಗೆ ಓಣಿಯೇ ಓಡಿಬಂತು. ಬಸಮ್ಮಜ್ಜಿ ಎತ್ತಿಕೊಂಡರೂ ಸುಮ್ಮನಾಗಲಿಲ್ಲ. ಖುರ್ಷಿದಾ ಬೇಗಂ ರಸ್ಕು ತೋರಿಸಿದರು, ಅದೂ ಬೇಡ. ಸುಮಾ ಒಳಗೆ ಬಂದದ್ದೇ ತಡ, ಅವಳ ಕುತ್ತಿಗೆಗೆ ಜೋತುಬಿದ್ದು ಗಪ್‌ಚಿಪ್!

"ನಾವೆಲ್ಲಾ ಆಡ್ಸೋಕೆ, ಅಳು ನಿಲ್ಸೋಕೆ ನೀವೇ ಬೇಕು. ಬೇಫಿಕರ್ ಕೆಲ್ಸಕ್ಕೆ ಹೋಗ್ರಿ ಟೀಚರ್" ಎಂದರು ಖುರ್ಷಿದಾ ಬೇಗಂ. ಸುಮಾ ಅಳುತ್ತಲೇ ನಕ್ಕಳು. ಅವಳ ಮುಖ ನೋಡಿ ನನಗೂ ಹಿಗ್ಗೋ ಹಿಗ್ಗು. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ. ಮರುದಿನ ಅವಳು ಹರಿಹರದ ಬಸ್ಸನ್ನು ಮಹಾರಾಣಿಯ ಹಾಗೆ ಹತ್ತಿದಳು.

ಸಂಜೆ ಬಂದವಳು ಖುರ್ಷಿದಾ ಬೇಗಂ ಸೊಂಟದ ಮೇಲೆ ನಗುತ್ತಿದ್ದ ಕೂಸನ್ನು ನೋಡಿ ಬಾಗಿಲಲ್ಲೇ ನಿಂತಳು. "ರೀ, ಒಂಚೂರು ನೀವು ಎತ್ಕೊಳ್ರಿ" ಎಂದಳು. ಎತ್ತಿಕೊಂಡೆ. ಕೂಸು ಕಿರುಚಿತು, ತಾಯಿ ಗೆದ್ದಳು. ಅಂದಿನಿಂದ ದಿನಾ ಸಂಜೆ ಇದೇ ಆಗಿದೆ. ಮೀಸೆ ಮತ್ತೆ ಚಿಗುರಿದರೆ ಅಪ್ಪನಾಗೋಣವೆಂದು ನಾನು ಕಾಯುತ್ತಿದ್ದೇನೆ. ಆದರೆ ಬೆಳಗ್ಗೆ ಬಸ್ಸಿಗೆ ಹೊರಡುವ ಮುಂಚೆ, ಸುಮಾ ನನ್ನ ಚಹಾದ ಪಕ್ಕದಲ್ಲಿ ಮರೆಯದೆ ರೇಜರ್ ಇಟ್ಟು ಹೋಗುತ್ತಾಳೆ.