ಇಲಾಖೆಯ ಬ್ಯಾಳಿ

ಕಮಲಾಪುರದ ತುಳಜಾಬಾಯಿಯವರ ಖಾನಾವಳಿಯಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಸರ್ಕಾರಿ ದಾಖಲೆಯಿಂದ ಸಾಬೀತಾಗಿದೆ. ಖಾನಾವಳಿ ತಪಾಸಣಾ ಇಲಾಖೆಯ ಇನ್‌ಸ್ಪೆಕ್ಟರ್ ಸುನೀಲಕುಮಾರ ಅವರು ಭೇಟಿ ನೀಡಿದಾಗ ಮಹಾಗಾಂವದ ಟೆಂಪೋದವರು ಅಲ್ಲೇ ಕುಳಿತು ಅನ್ನಕ್ಕೆ ಬ್ಯಾಳಿ ಸುರಿದುಕೊಂಡು ಉಣ್ಣುತ್ತಿದ್ದರು. ಅದು ತಪಾಸಣೆಯ ವ್ಯಾಪ್ತಿಗೆ ಬರುವುದಿಲ್ಲ.

ಇನ್‌ಸ್ಪೆಕ್ಟರು ರೂಢಿಯಂತೆ ಚಹಾಪಾನಿ ಕೇಳಿದರು. ತುಳಜಾಬಾಯಿ ಒಂದು ಕಪ್ ಚಹಾ, ಒಂದು ಗ್ಲಾಸ್ ನೀರು ತಂದಿಟ್ಟರು.

“ಇದಲ್ರೀ ಅಕ್ಕಾರ.”

“ಸಕ್ಕರಿ ಕಮ್ಮಿ ಬೇಕೇನ್ರೀ?”

“ತಿಳಿದವರಿಗಿ ಎಷ್ಟಂತ ಬಿಡಿಸಿ ಹೇಳಬೇಕು?”

“ತಿಳಿದದರೀ ಸಾಹೇಬ್ರ. ಆದ್ರ ನಿಮ್ಮ ಬ್ಯಾಳಿ ಇಲ್ಲಿ ಬೇಯಂಗಿಲ್ಲ.”

ಇನ್‌ಸ್ಪೆಕ್ಟರು ಕೇಳಿದ್ದನ್ನು ಕೇಳಿದಂತೆಯೇ ವರದಿ ಮಾಡಿದರು. ಬೇಳೆ ಬೇಯದ ಖಾನಾವಳಿ ಸಾರ್ವಜನಿಕರ ಹೊಟ್ಟೆಗೆ ಅಪಾಯಕಾರಿ ಎಂಬ ಕಾರಣಕ್ಕೆ ಸಂಜೆಯೊಳಗೆ ಬಾಗಿಲಿಗೆ ಬೀಗ ಬಿತ್ತು. ತುಳಜಾಬಾಯಿಯವರ ಬದುಕಿಗೆ ಆಸರೆಯಾಗಿದ್ದದ್ದು ಆ ಒಂದು ಒಲೆಯೇ.

ಕಲಬುರಗಿಯಲ್ಲಿ ಅಧಿಕಾರಿ ಕಲ್ಯಾಣಪ್ಪನವರ ಮುಂದೆ ವಿಚಾರಣೆ ನಡೆಯಿತು.

“ಅದು ಬರೇ ಆಡೋ ಮಾತರೀ ಸಾಹೇಬ್ರ,” ಎಂದರು ತುಳಜಾಬಾಯಿ. “ನಮ್ಮವ್ವನೂ ಹಂಗೇ ಅಂತಿದ್ಲು.”

“ನಿಮ್ಮವ್ವನ ಹತ್ರ ಲೈಸೆನ್ಸ್ ಇತ್ತೇನು?”

ಇರಲಿಲ್ಲ. ಇಲಾಖೆಯ ನಿಯಮ ಸ್ಪಷ್ಟವಾಗಿದೆ: ಆಹಾರ ಪದಾರ್ಥದ ಹೆಸರುಳ್ಳ ಯಾವುದೇ ನುಡಿಗಟ್ಟನ್ನು, ಅದರ ಮೂಲ ಸಾಬೀತಾಗುವ ತನಕ, ಆಹಾರವೆಂದೇ ಪರಿಗಣಿಸತಕ್ಕದ್ದು. ಹೀಗಾಗಿ ನುಡಿಮೂಲ ನಿರ್ಣಯ ಸಮಿತಿ ರಚನೆಯಾಯಿತು. ಅಧ್ಯಕ್ಷರು ಕಲ್ಯಾಣಪ್ಪನವರೇ. ಕಚೇರಿಯ ಸಿಬ್ಬಂದಿಯಲ್ಲಿ ಐಚ್ಛಿಕ ಕನ್ನಡದಲ್ಲಿ ಪ್ರಥಮ ದರ್ಜೆ ಪಡೆದು ಬಿ.ಎ. ಮುಗಿಸಿದವಳು ನಾನೊಬ್ಬಳೇ ಆದ್ದರಿಂದ ನಡಾವಳಿ ಬರೆಯುವ ಹೊಣೆ ನನ್ನದಾಯಿತು. ಮೂರನೆಯವರು ಕಪನೂರಿನ ದಾಲ್ ಮಿಲ್ ಮಾಲೀಕರಾದ ಗುಲಾಮ್ ರಸೂಲ್.

ಹಿಂದೆ ನಾಲ್ಕು ಮನೆಯವರು ಒಂದೇ ಒಲೆ ಹಂಚಿಕೊಳ್ಳುವಾಗ ಹೊರಗಿನವರ ಗಡಿಗೆಗೆ ಬೆಂಕಿ ಸಿಗುತ್ತಿರಲಿಲ್ಲ, ಮಾತು ಅಲ್ಲಿಂದ ಹುಟ್ಟಿರಬೇಕು ಎಂದು ನಾನು ಮಂಡಿಸಿದೆ.

ಗುಲಾಮ್ ರಸೂಲರು ಒಪ್ಪಲಿಲ್ಲ. “ಇದು ತೊಗರಿ ಸೀಮಿ ಮಾತೇ ಅಲ್ಲರೀ ಮೇಡಂ. ನಮ್ಮ ಬ್ಯಾಳಿ ಬಿಸಿನೀರು ಕಂಡ್ರ ಸಾಕು, ಕರಗ್ತದ. ಇದು ಯಾರೋ ಕಡ್ಲಿಬ್ಯಾಳಿಯವರು ಹಚ್ಚಿದ್ದು. ಇಜ್ಜತ್ ಕಾ ಸವಾಲ್ ಅದ, ನಮ್ಮ ತೊಗರಿ ಮರ್ಯಾದಿ ಪ್ರಶ್ನಿ.”

‘ರೊಕ್ಕ ತಿನ್ನುವುದು’ ಎಂಬ ಮಾತೂ ಚರ್ಚೆಗೆ ಬಂತು. ತಿಂದವರ ಹೊಟ್ಟೆ ತುಂಬಿದ ಉದಾಹರಣೆ ಒಂದೂ ಸಿಗದ ಕಾರಣ ಅದು ಆಹಾರವಲ್ಲವೆಂದು ಅಧ್ಯಕ್ಷರು ತೀರ್ಪು ಕೊಟ್ಟರು.

ಕೊನೆಗೆ ನಾನು ವ್ಯಾಕರಣ ಮುಂದಿಟ್ಟೆ. ‘ನಿಮ್ಮ’ ಎಂಬುದು ಷಷ್ಠಿ ವಿಭಕ್ತಿ. ಬೇಯದ ಬೇಳೆ ಇನ್‌ಸ್ಪೆಕ್ಟರರದು, ತುಳಜಾಬಾಯಿಯವರದಲ್ಲ.

ಕಲ್ಯಾಣಪ್ಪನವರು ಇನ್‌ಸ್ಪೆಕ್ಟರನ್ನು ಒಳಗೆ ಕರೆಸಿದರು. “ಸುನೀಲಕುಮಾರ, ನಿಮ್ಮ ಬ್ಯಾಳಿ ಎಲ್ಲದ?”

“ನನ್ನ ಹತ್ರ ಇಲ್ರೀ ಸರ. ಅದಕ್ಕೇ ಕೇಳಲಾಕ ಹೋಗಿದ್ದೆ.”

ಅವರ ಪ್ರಾಮಾಣಿಕತೆಯನ್ನು ಸಮಿತಿ ಮೆಚ್ಚಿತು. ಇಲಾಖೆಯ ಬೇಳೆ ತಮ್ಮಲ್ಲಿ ಬೇಯುತ್ತದೆಂದು ತುಳಜಾಬಾಯಿಯವರು ದಿನಾಲೂ ಬೇಯಿಸಿ ತೋರಿಸುವುದಾದರೆ ಬೀಗ ತೆಗೆಯಬಹುದೆಂದು ಆದೇಶವಾಯಿತು. ಬೇಳೆ ಯಾರು ತರಬೇಕೆಂಬುದು ಆದೇಶದಲ್ಲಿಲ್ಲ.

“ಅಂದ್ರ ಬ್ಯಾಳಿನೂ ನಂದೇ ಏನ್ರೀ?” ಎಂದರು ತುಳಜಾಬಾಯಿ.

“ಬೀಗದ ಕೈ ಮಾತ್ರ ನಮ್ಮದರೀ,” ಎಂದರು ಕಲ್ಯಾಣಪ್ಪನವರು.

ತುಳಜಾಬಾಯಿ ಬೀಗದ ಕೈ ಇಸಿದುಕೊಂಡು ಹೋಗಿ ಒಲೆ ಹಚ್ಚಿದರು.

ಈಗ ಮಧ್ಯಾಹ್ನದ ಬಸ್ಸಿಗೆ ಕಮಲಾಪುರದಿಂದ ಕಲಬುರಗಿಯ ಕಚೇರಿಗೆ ದೊಡ್ಡ ಡಬ್ಬಿ ಬರುತ್ತದೆ. ಗಟ್ಟಿಯಾದದ್ದು ಡಬ್ಬಿಗೆ, ತಿಳಿ ಗಿರಾಕಿಗೆ.

“ಅಕ್ಕಾ, ಇದ್ರಾಗ ಬ್ಯಾಳಿ ಎಲ್ಲದ?” ಎಂದು ಟೆಂಪೋದವರು ಕೇಳಿದರು.

“ಆಫೀಸ್‌ನಾಗ ಅದ. ಉಣ್ರಿ.”

ಉಂಡರು. ಉಳಿದ ಖಾನಾವಳಿಗಳವರು ತಪಾಸಣೆಗೆ ಕಾಯದೆ ತಾವಾಗಿಯೇ ಡಬ್ಬಿ ಕಳಿಸತೊಡಗಿದರು. ಕಲಬುರಗಿಯಲ್ಲಿ ಫೈಲು ಮುಂದೆ ಹೋಯಿತೇ ಎಂದು ಈಗ ಯಾರೂ ಕೇಳುವುದಿಲ್ಲ. “ಇಲಾಖೆ ಬ್ಯಾಳಿ ಬೆಂತೇನು?” ಎನ್ನುತ್ತಾರೆ. ನಿನ್ನೆ ನಮ್ಮ ಸೊಸೆ ಶೀಲಾ ಮನೆಯ ಖಾತಾ ವಿಷಯಕ್ಕೆ ಫೋನಿನಲ್ಲಿ ಹಾಗೆಯೇ ಕೇಳುತ್ತಿದ್ದಳು. ಬೆಂದಿದೆಯಂತೆ.

ಹಳೆಯ ಮಾತಿನ ಮೂಲ ಸಿಗಲಿಲ್ಲವಾದರೂ ಈ ಹೊಸ ಮಾತಿನ ಮೂಲ, ಅರ್ಥ, ಊರು ಎಲ್ಲವನ್ನೂ ನಡಾವಳಿಯಲ್ಲಿ ಸೇರಿಸಿದ್ದೇನೆ. ಸಾರ್ವಜನಿಕರ ಆಕ್ಷೇಪಣೆಗೆ ಹದಿನೈದು ದಿನ ಕೊಡಲಾಗಿತ್ತು. ಯಾರೂ ಬರಲಿಲ್ಲ.