ಜೋಳದ ಡಬ್ಬಿಯಲ್ಲಿ ಹೂತಿಟ್ಟ ರಾಡು

ನಮ್ಮ ಯಜಮಾನರು ಕಬ್ಬಿಣದ ರಾಡಿನಿಂದ ಬಡಿಯದ ಸಾಮಾನು ನಮ್ಮ ಮನೆಯಲ್ಲಿ ಒಂದೂ ಇಲ್ಲ! ಗಾಬರಿಯಾಗಬೇಡಿ, ನನ್ನನ್ನು ಬಡಿದಿಲ್ಲ. ಬಡಿದಿದ್ದರೆ ಈ ಪ್ರಬಂಧಕ್ಕೆ ವಸ್ತುವಾಗಲು ಅವರು ಉಳಿಯುತ್ತಿದ್ದರೇ?

ಟ್ರಕ್ ಡ್ರೈವರುಗಳು ಹೊರಡುವ ಮೊದಲು ಪ್ರತಿ ಟೈರನ್ನೂ ಬಡಿದು, ಸಪ್ಪಳದಿಂದಲೇ ಗಾಳಿ ಎಷ್ಟಿದೆಯೆಂದು ತಿಳಿಯುತ್ತಾರೆ. ಇವರು ಟ್ರಕ್ ಬಿಟ್ಟು ಒಂಬತ್ತು ವರ್ಷವಾಯಿತು, ಬಡಿಯುವುದನ್ನು ಮಾತ್ರ ಬಿಡಲಿಲ್ಲ. ಬೆಳಗಾದರೆ ಸಾಕು, ನೀರಿನ ಕೊಡ, ಜೋಳದ ಡಬ್ಬಿ, ಗ್ಯಾಸಿನ ಸಿಲಿಂಡರು, ಎಲ್ಲಕ್ಕೂ ಟಣ್ ಟಣ್! ನೆಗ್ಗಿಹೋದ ನನ್ನ ತವರಿನ ಹಿತ್ತಾಳೆ ಕೊಡ ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಗಳನ್ನು ನೋಡಲು ಸಂಖ ಎಂಬ ಊರಿನಿಂದ ಗಂಡಿನ ಕಡೆಯವರು ಹೊಸ ಕಾರಿನಲ್ಲಿ ಬಂದಾಗ ಏನಾಯಿತು ಗೊತ್ತೇ? ನಾನು ಕಾಲಿಗೆ ನೀರು ಹಿಡಿದು ನಿಂತಿದ್ದೇನೆ, ಇವರು ನಾಲ್ಕೂ ಟೈರು ಬಡಿದು ಬಂದು, "ಬರ್ರಿ, ಕುಂದ್ರಿ. ಹಿಂದಿನ ಎಡಗಡಿ ಟೈರಿಗೆ ಗಾಳಿ ಕಡಿಮಿ ಐತ್ರಿ" ಅಂದರು.

"ಗಾಡಿ ತಗೊಂಡು ಎರಡ ದಿನಾ ಆಗೇತ್ರಿ" ಎಂದು ಹುಡುಗನ ತಂದೆ ಮುಖ ಬಿಗಿದುಕೊಂಡರು.

ಹೋಗುವಾಗ ದಾರಿಯಲ್ಲಿ ಅದೇ ಟೈರು ಗಾಳಿ ಹೋಗಿ ಕೂತಿತಂತೆ. ಇವರು ಶಾಪ ಹಾಕಿದ್ದರಿಂದಲೇ ಹಾಗಾಯಿತೆಂದು ಆ ಸಂಬಂಧವನ್ನೇ ಬಿಟ್ಟರು!

ಇಂಥವರು ಮೂರು ದಿನದ ಹಿಂದೆ ನಾನು ಹಿಟ್ಟಿನ ಗಿರಣಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಡ್ರೈವರ್ ಕೆಲಸ ಒಪ್ಪಿಕೊಂಡು ಕೂತಿದ್ದರು. ಕರಜಗಿಯ ವ್ಯಾಪಾರಿಯೊಬ್ಬರಿಗೆ ಒಣದ್ರಾಕ್ಷಿ ಸಾಗಿಸಲು ಡ್ರೈವರು ಸಿಗುತ್ತಿಲ್ಲವಂತೆ.

"ಸ್ಟೇರಿಂಗ್ ಮುಟ್ಟೂದಿಲ್ಲ ಅಂತ ದಾನಮ್ಮದೇವಿ ಆಣಿ ಮಾಡಿದ್ರಿ. ನನ್ನ ಒಂದ ಮಾತ ಕೇಳಬೇಕ ಅನಸಲಿಲ್ಲೇನ್ರಿ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

ಎಂಥ ನ್ಯಾಯ ನೋಡಿ! ಒಂಬತ್ತು ವರ್ಷದ ಹಿಂದೆ ಹಿಂದುಗಡೆಯ ಜೋಡಿ ಟೈರುಗಳಲ್ಲಿ ಒಳಗಿನದೊಂದು ಒಡೆದು ಟ್ರಕ್ ಮಗುಚಿತ್ತು. ಕಾಲು ಮುರಿದುಕೊಂಡು ಎಂಟು ತಿಂಗಳು ಮಲಗಿದವರ ಮೈ ತೊಳೆದವಳು ನಾನು. ಒಪ್ಪಿಕೊಳ್ಳುವಾಗ ಮಾತ್ರ ನಾನು ಲೆಕ್ಕಕ್ಕಿಲ್ಲ!

ನಾನೂ ಸುಮ್ಮನಿರುವವಳಲ್ಲ. ಮಾತು ಬಿಟ್ಟೆ. ರಾಡನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟೆ. ಅದಿಲ್ಲದೆ ಹೇಗೆ ಹೊರಡುತ್ತಾರೋ ನೋಡಿಯೇ ಬಿಡೋಣವೆಂದು ಮರುದಿನ ಬೆಳಗಾಗುತ್ತಲೇ ಕಟ್ಟೆಯ ಮೇಲೆ ಕೂತೆ.

ವ್ಯಾಪಾರಿಯ ಕಡೆಯವರು ಟ್ರಕ್ ತಂದು ಬಾಗಿಲಲ್ಲಿ ನಿಲ್ಲಿಸಿ ಹೋದರು. ಇವರು ಮನೆಯೆಲ್ಲ ರಾಡು ಹುಡುಕಿದರು. ನನ್ನ ಮುಖ ನೋಡಿದರು. ಕಲ್ಲೊಂದನ್ನು ಎತ್ತಿಕೊಂಡು ಟೈರು ಬಡಿಯತೊಡಗಿದರು. "ಕಲ್ಲಿಲೆ ತಿಳೀವಲ್ತು" ಎಂದು ಗೊಣಗಿ, ಹಾಗೆಯೇ ಕ್ಯಾಬಿನ್ ಹತ್ತಲು ಹೋದರು.

ನಾನು ಕಟ್ಟೆಯಿಂದ ಎದ್ದೆ. ಟ್ರಕ್ ಮಗುಚಿದ ದಿನವೂ ಇವರು ಅವಸರದಲ್ಲಿ ಟೈರು ಬಡಿದು ನೋಡದೆ ಹೊರಟಿದ್ದರು. ಅವತ್ತು ಬಡಿಯದೆ ಬಿಟ್ಟದ್ದನ್ನೇ ಒಂಬತ್ತು ವರ್ಷ ನನ್ನ ಕೊಡದ ಮೇಲೆ ಬಡಿದಿದ್ದರು.

ಓಡಿಹೋಗಿ ರಾಡು ತಂದು ಕೈಗೆ ತುರುಕಿದೆ. ಒಂದೊಂದೇ ಟೈರು ಬಡಿಯುತ್ತ ಬಂದರು. ಬಲಗಡೆ ಒಳಗಿನದಕ್ಕೆ ಬಂದಾಗ ಸಪ್ಪಳ ಮಂದವಾಯಿತು.

"ಅದರಾಗ ಗಾಳಿ ಇಲ್ರಿ" ಎಂದೆ, ಮಾತು ಬಿಟ್ಟಿದ್ದನ್ನೇ ಮರೆತು.

"ನಿನಗ ಹೆಂಗ ತಿಳೀತು?"

"ಒಂಬತ್ತ ವರ್ಷ ನನ್ನ ಕೊಡಾ ಬಡದೀರಿ. ತಿಳೀದ ಇರತೈತೇನ್ರಿ?"

ಗಾಳಿ ತುಂಬಿಸಿಕೊಂಡು ಹೋದರು. ಎರಡು ದಿನವಾಯಿತು, ನನ್ನ ಸಿಟ್ಟು ಇಳಿದಿಲ್ಲ. ಬರಲಿ, ಅವರಿಗಿದೆ! ಇವತ್ತು ಬೆಳಿಗ್ಗೆ ನೀರು ತಂದಿಟ್ಟೆ. ಮನೆಯಲ್ಲಿ ಒಂದೂ ಸಪ್ಪಳವಿಲ್ಲ. ಬೆರಳು ಮಡಚಿ ಕೊಡವನ್ನು ನಾನೇ ಬಡಿದೆ.

"ಲಗೂನ ಬರ್ರಿ" ಎಂದೆ, ಕೊಡಕ್ಕೆ.